ಗೀಟು ಎಳೆದ ಉತ್ತರಪತ್ರಿಕೆ

ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರುವವರಿಗೆ ತರಬೇತಿಯಲ್ಲಿ ಪಾಠಯೋಜನೆ ಬರೆಯುವುದರಿಂದ ಹಿಡಿದು ಮೊಟ್ಟೆ ಹಂಚುವವರೆಗೆ ಎಲ್ಲವನ್ನೂ ಹೇಳಿಕೊಡುತ್ತಾರೆ. ಗಾಬರಿಯಾದಾಗ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಕಡೂರು, ಅಜ್ಜಂಪುರ, ತರೀಕೆರೆಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಮಕ್ಕಳು ನನ್ನನ್ನು ಅಷ್ಟಾಗಿ ಬೆಚ್ಚಿಬೀಳಿಸಲಿಲ್ಲ. ಬೆಚ್ಚಿಬೀಳಿಸಿದವರು ಭಾನುವಾರ ಬರುತ್ತಿದ್ದ ದೊಡ್ಡವರು.

ಅರ್ಧಕ್ಕೆ ಶಾಲೆ ಬಿಟ್ಟವರು ವಯಸ್ಸಾದ ಮೇಲೆ ಬಾಹ್ಯ ಅಭ್ಯರ್ಥಿಗಳಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದಲ್ಲ, ಅವರಿಗೆಂದು ಭಾನುವಾರ ಬೆಳಿಗ್ಗೆ ಒಂದು ತರಗತಿ ನಡೆಯುತ್ತಿತ್ತು. ಅದನ್ನು ವಹಿಸಿಕೊಳ್ಳಲು ಯಾರೂ ಮುಂದೆ ಬರುತ್ತಿರಲಿಲ್ಲ. ಭಾನುವಾರ ಮನೆಯಲ್ಲಿದ್ದರೆ ನೆಂಟರಿಗೆಲ್ಲ ಅಡುಗೆ ಮಾಡಬೇಕಾಗಿತ್ತು, ಅದಕ್ಕಿಂತ ಇದೇ ವಾಸಿ ಎಂದು ನಾನು ಒಪ್ಪಿಕೊಂಡೆ. ಜನ ಅದನ್ನೇ ಸೇವೆ ಎಂದು ಹೊಗಳಿದರು. ಹೊಗಳಿಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಮೊದಲ ಪೆಟ್ಟು ಬಿದ್ದದ್ದು ಕಡೂರಿನಲ್ಲಿ. ಹಿರೇನಲ್ಲೂರು ಕಡೆಯ ತಿಮ್ಮೇಗೌಡರು ಎಂಬುವವರು ತರಗತಿಗೆ ಬರುತ್ತಿದ್ದರು. ತೆಂಗಿನ ತೋಟ, ಟ್ರ್ಯಾಕ್ಟರು, ಊರಿನಲ್ಲಿ ನಾಲ್ಕು ಜನ ಮರ್ಯಾದೆ ಕೊಡುವ ಮನೆತನ. ಪಾಠ ಹೇಳುವಾಗ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು, ಕೇಳಿದ್ದಕ್ಕೆ ಥಟ್ಟನೆ ಉತ್ತರ ಕೊಡುತ್ತಿದ್ದರು. ಪುಸ್ತಕ ತೆಗೆಯಿರಿ ಎಂದರೆ ಮಾತ್ರ ಕನ್ನಡಕ ಮರೆತು ಬಂದಿರುತ್ತಿದ್ದರು. ಒಂದು ಭಾನುವಾರವಲ್ಲ, ಪ್ರತಿ ಭಾನುವಾರವೂ. ವಯಸ್ಸಾಯಿತು, ಮರೆವು ಸಹಜ ಎಂದು ನಾವೆಲ್ಲ ನಗುತ್ತಿದ್ದೆವು.

ಹೀಗಿರುವಾಗ ಮೇಲಿನ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಅವರಿಗೆ ಎಲ್ಲಿ ಹೋದರೂ ಯಾರನ್ನಾದರೂ ಎಬ್ಬಿಸಿ ಓದಿಸುವ ಚಟ. ಮುಂದಿನ ಬೆಂಚಿನಲ್ಲಿದ್ದ ತಿಮ್ಮೇಗೌಡರನ್ನೇ ಎಬ್ಬಿಸಿದರು. ಗೌಡರು ಕನ್ನಡಕದ ಮಾತು ಎತ್ತಿದರು. ಅಧಿಕಾರಿ ತಮ್ಮ ಕನ್ನಡಕವನ್ನೇ ತೆಗೆದು ಕೈಗಿತ್ತು, ಹಾಕ್ಕೊಂಡು ಓದಿ ಎಂದರು. ಆ ದಪ್ಪ ಗಾಜನ್ನು ಮೂಗಿನ ಮೇಲಿಟ್ಟುಕೊಂಡು ಅವರು ಪುಸ್ತಕ ಹಿಡಿದು ನಿಂತರು. ಹಣೆಯಿಂದ ಬೆವರು ಇಳಿಯತೊಡಗಿತು. ಒಂದು ಪದ ಹೊರಡಲಿಲ್ಲ. ಆಮೇಲೆ ಕನ್ನಡಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು ನೇರವಾಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಇವರಿಗೆಲ್ಲ ಶಿಸ್ತೇ ಇಲ್ಲ ಎಂದು ಅಧಿಕಾರಿ ಬರೆದುಕೊಂಡು ಹೋದರು.

ಮಾರನೆಯ ವಾರ ನಾನೇ ಅವರ ಮನೆಗೆ ಹೋದೆ. ಗೌಡರು ಹೊರಗೆ ಬರಲಿಲ್ಲ. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟು, ಯಜಮಾನರಿಗೆ ಕನ್ನಡಕವೇ ಇಲ್ಲ ಎಂದರು. ಕಣ್ಣು ನೆಟ್ಟಗಿದೆ, ತೆಂಗಿನಮರದ ತುದಿಯ ಕಾಯಿ ಬಲಿತಿದೆಯೋ ಇಲ್ಲವೋ ಕೆಳಗಿನಿಂದಲೇ ಹೇಳುತ್ತಾರೆ, ಅಕ್ಷರ ಮಾತ್ರ ಚಿಕ್ಕಂದಿನಿಂದಲೂ ಕೈಗೆ ಹತ್ತಲಿಲ್ಲ ಎಂದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ವರ್ಷ ಇಲ್ಲದ ಒಂದು ಕನ್ನಡಕದ ಹಿಂದೆ ಅಡಗಿ ಕೂತಿದ್ದರು. ಅವರು ಮತ್ತೆ ತರಗತಿಗೆ ಬರಲಿಲ್ಲ.

ಅಂದಿನಿಂದ ನನ್ನ ತರಗತಿಯಲ್ಲಿ ಯಾರನ್ನೂ ಎಬ್ಬಿಸಿ ಓದಿಸುವುದನ್ನು ನಿಲ್ಲಿಸಿದೆ. ಅಜ್ಜಂಪುರಕ್ಕೆ ವರ್ಗವಾದ ಮೇಲೆ ಅಲ್ಲಿ ವಿಶೇಷ ಶಿಕ್ಷಕಿಯಾಗಿ ಬಂದಿದ್ದ ಒಬ್ಬ ಹುಡುಗಿಯ ಪರಿಚಯವಾಯಿತು. ಕಲಿಕೆಯ ತೊಂದರೆ ಎಂಬುದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ, ಹುಟ್ಟಿನಿಂದ ಕೆಲವರ ಮಿದುಳು ಅಕ್ಷರವನ್ನು ಹಿಡಿಯುವ ರೀತಿಯೇ ಬೇರೆ ಎಂದು ಅವಳು ನನಗೆ ತಿಳಿಸಿ ಹೇಳಿದಳು. ನನಗಿಂತ ಎಷ್ಟೋ ಚಿಕ್ಕವಳು. ಅವಳ ಮಾತು ಕೇಳುತ್ತಾ ನನ್ನ ಕಣ್ಣ ಮುಂದೆ ಹಳೆಯ ಬೆಂಚುಗಳೆಲ್ಲ ಸಾಲಾಗಿ ಬಂದವು. ಆ ಬೆಂಚುಗಳ ಕೊನೆಯಲ್ಲಿ ಕೂತು ಹೋದವರು ಎಷ್ಟು ಜನವೋ.

ಶಮೀಮ್‌ಬಾನು ಸಿಕ್ಕಿದ್ದು ತರೀಕೆರೆಯಲ್ಲಿ, ನನ್ನ ನೌಕರಿಯ ಕೊನೆಯ ಕಾಲದಲ್ಲಿ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಳು. ಅಡುಗೆ ಮಾಡುವುದು, ಗುಡಿಸುವುದು, ಮಕ್ಕಳ ಮೂಗು ಒರೆಸುವುದು ಅವಳ ಕೆಲಸ. ಪಾಠ ಹೇಳುವುದು ಕಾರ್ಯಕರ್ತೆಯ ಕೆಲಸ. ಅವಳ ಕೇಂದ್ರದ ಕಾರ್ಯಕರ್ತೆ ಸದ್ಯದಲ್ಲೇ ನಿವೃತ್ತರಾಗುವವರಿದ್ದರು. ಎಸ್ಸೆಸ್ಸೆಲ್ಸಿ ಪಾಸಾದರೆ ಆ ಜಾಗ ಶಮೀಮ್‌ಗೆ ಸಿಗುವ ಹಾಗಿತ್ತು. ತಾಯಿಯನ್ನು ಜೊತೆಗೆ ಕರೆದುಕೊಂಡು ಬಂದು, ತಲೆ ತಗ್ಗಿಸಿ, ಓದು ತನಗೆ ಹತ್ತುವುದಿಲ್ಲ, ಆದರೂ ಓದಬೇಕು ಎಂದಳು. ಇದೆಂಥಾ ಮಾತು ಎಂದು ನನಗೆ ನಗು ಬಂತು. ಅವಳು ನಗಲಿಲ್ಲ.

"ಅಕ್ಷರ ಎಲ್ಲಾ ಗೊತ್ತು ಮೇಡಂ. ಒಂದೊಂದೇ ತೋರ್ಸಿ, ಹೇಳ್ತೀನಿ. ಎಲ್ಲಾ ಸಾಲಾಗಿ ನಿಂತ್ಕೊಂಡ್ರೆ ಯಾವ್ದೂ ಗುರ್ತು ಸಿಗಲ್ಲ."

ಹಿಂದಿನ ಕಥೆಯನ್ನು ಅವಳ ತಾಯಿ ಹೇಳಿದರು. ಮನೆಯಲ್ಲಿ ಆಡುವುದು ದಖ್ಖನಿ, ನಮ್ಮ ಕಡೆಯ ಉರ್ದು. ಮೊದಲು ಉರ್ದು ಶಾಲೆಗೆ ಹಾಕಿದ್ದರು. ಅಲ್ಲಿ ಓದು ಹತ್ತಲಿಲ್ಲ. ಕೇರಿಯ ಕನ್ನಡದ ಮಕ್ಕಳ ಜೊತೆ ಆಡಿ ಆಡಿ ಹೀಗಾಗಿದೆ ಎಂದು ಅಲ್ಲಿನ ಮೇಷ್ಟ್ರು ಹೇಳಿದರಂತೆ. ಸರಿ, ಕನ್ನಡ ಶಾಲೆಗೆ ಸೇರಿಸಿದರು. ಅಲ್ಲೂ ಹತ್ತಲಿಲ್ಲ. ಮನೆಯಲ್ಲಿ ಉರ್ದು ಆಡುವವಳು, ಇವಳಿಗೆ ಕನ್ನಡ ಹೇಗೆ ಬಂದೀತು ಎಂದರಂತೆ. ಅವರು ಇವರ ಮೇಲೆ ಹಾಕಿದರು, ಇವರು ಅವರ ಮೇಲೆ ಹಾಕಿದರು. ಪಾಪ ಹೆಣ್ಣುಮಗು ಎಂದು ವರ್ಷ ವರ್ಷವೂ ಮುಂದಿನ ತರಗತಿಗೆ ತಳ್ಳಿದರು. ನಮ್ಮ ಕಡೆ ಬಿಟ್ಟು ಬೇರೆಲ್ಲೂ ಇಂಥ ತಪ್ಪು ನಡೆಯಲಾರದೇನೋ. ಎರಡು ಭಾಷೆಯ ನಡುವೆ ಒಂದು ಮಗು ಮುಳುಗುತ್ತಿದ್ದರೆ, ಎರಡೂ ದಡದವರು ನೀರಿನದೇ ತಪ್ಪು ಎಂದು ಸುಮ್ಮನೆ ನಿಂತಿದ್ದರು.

ಅಜ್ಜಂಪುರದ ಆ ವಿಶೇಷ ಶಿಕ್ಷಕಿಯನ್ನು ಕರೆಸಿದೆ. ಅವಳು ಶಮೀಮ್‌ಗೆ ಕನ್ನಡದ ಎರಡು ಸಾಲು ಓದಲು ಕೊಟ್ಟಳು. ಆಮೇಲೆ ತಾಯಿ ತಂದಿದ್ದ ಉರ್ದು ಮೊದಲ ಪುಸ್ತಕದ ಎರಡು ಸಾಲು ಕೊಟ್ಟಳು. ಕನ್ನಡದಲ್ಲಿ ಹೇಗೆ ತಡವರಿಸಿ ನಿಂತಳೋ ಉರ್ದುವಿನಲ್ಲೂ ಹಾಗೆಯೇ ತಡವರಿಸಿ ನಿಂತಳು. ಅದೇ ಸಾಲುಗಳನ್ನು ನಾವು ಓದಿ ಹೇಳಿದಾಗ ಎರಡನ್ನೂ ತಪ್ಪಿಲ್ಲದೆ ತಿರುಗಿ ಹೇಳಿದಳು. ಶಿಕ್ಷಕಿ ವಿಷಯವನ್ನು ಬಿಡಿಸಿ ಹೇಳುತ್ತಿದ್ದ ಹಾಗೆ ತಾಯಿಯ ಮುಖದ ಬಣ್ಣವೇ ಹೋಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ಓದಲಿಲ್ಲ ಎಂದು ಇವಳನ್ನು ಸೌದೆಯಲ್ಲಿ ಹೊಡೆದಿದ್ದೇನೆ ಎಂದರು. ಶಮೀಮ್ ತಾಯಿಯ ಬೆನ್ನು ಸವರುತ್ತಾ ಗೋಡೆ ನೋಡುತ್ತಿದ್ದಳು. ನನಗೆ ಅಲ್ಲಿ ಕೂರಲಾಗಲಿಲ್ಲ, ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋದೆ.

ತೊಂದರೆ ಇರುವುದಕ್ಕೆ ವೈದ್ಯರ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ. ಪ್ರಶ್ನೆ ಓದಿ ಹೇಳಿ, ಅಭ್ಯರ್ಥಿ ಹೇಳಿದ್ದನ್ನು ಬರೆಯಲು ಕೆಳಗಿನ ತರಗತಿಯ ವಿದ್ಯಾರ್ಥಿಯೊಬ್ಬರನ್ನು ಕೊಡುತ್ತಾರೆ, ಸ್ಕ್ರೈಬ್ ಎನ್ನುತ್ತೇವೆ. ಅದಕ್ಕಾಗಿ ನಾನೂ ಶಮೀಮೂ ದೊಡ್ಡ ಆಸ್ಪತ್ರೆಗೆ ಅಲೆದೆವು. ಚೀಟಿ ಬರೆಯುವವನು ಅರ್ಜಿ ನೋಡಿ, ಮಗು ಎಲ್ಲಿ ಎಂದ. ಶಮೀಮ್, ನಾನೇ ಸಾರ್ ಎಂದಳು. ಅವನು ಕತ್ತು ಚಾಚಿ ಅವಳ ಬೆನ್ನ ಹಿಂದೆ ನೋಡಿ ಮತ್ತೆ ಕೇಳಿದ, ಅಲ್ಲಮ್ಮಾ, ಮಗು ಎಲ್ಲಿ ಎಂದು. ಇಂಥ ತೊಂದರೆ ಮಕ್ಕಳಿಗೆ ಮಾತ್ರ ಇರುತ್ತದೆ, ದೊಡ್ಡವರಾದ ಮೇಲೆ ತಾನಾಗಿ ಬಿಟ್ಟು ಹೋಗುತ್ತದೆ ಎಂದು ಅವನು ತಿಳಿದಿದ್ದ. ಅವನೊಬ್ಬನೇ ಅಲ್ಲ, ಆ ದಿನ ನಾವು ಕಂಡ ಬಹುತೇಕರು ಹಾಗೆಯೇ ತಿಳಿದಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಶಮೀಮ್ ಆ ಮಾತನ್ನು ನೆನೆದು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಆ ಕಣ್ಣೀರು ಅಷ್ಟೂ ನಗುವಿನದಲ್ಲ ಎಂದು ನನಗೆ ಗೊತ್ತಾಯಿತು.

ಅಲೆದು ಅಲೆದು ಕೊನೆಗೆ ಪ್ರಮಾಣಪತ್ರ ಸಿಕ್ಕಿತು. ಇತ್ತ ಕಲಿಸುವ ದಾರಿಯನ್ನೂ ಬದಲಾಯಿಸಿದೆವು. ನಾನು ಪಾಠಗಳನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಅವಳು ಅಂಗನವಾಡಿಯಲ್ಲಿ ಪಾತ್ರೆ ತೊಳೆಯುತ್ತಾ, ಬೇಳೆ ಬೇಯಿಸುತ್ತಾ ಕೇಳುತ್ತಿದ್ದಳು. ಸಂಜೆ ತನ್ನ ಮಾತಿನಲ್ಲಿ ಉತ್ತರ ಹೇಳಿ ಕಳಿಸುತ್ತಿದ್ದಳು. ಆ ಉತ್ತರಗಳ ನಡುವೆ ಕುಕ್ಕರಿನ ಸೀಟಿ, ಮಕ್ಕಳ ಜಗಳ ಎಲ್ಲ ಸೇರಿರುತ್ತಿದ್ದವು. ಕಬ್ಬಿಣದ ಅದಿರಿನ ಪಾಠವನ್ನು ಅವಳು ನೆನಪಿಟ್ಟುಕೊಂಡಿದ್ದು ಅಜ್ಜನಿಂದ. ಅಜ್ಜ ಕೆಮ್ಮಣ್ಣುಗುಂಡಿಯ ಗಣಿಯಲ್ಲಿ ದುಡಿದವರಂತೆ. ಬೆಟ್ಟದ ಮೇಲೆ ಅದಿರು ಅಗೆದು ಕೆಳಕ್ಕೆ ಕಳಿಸುವುದನ್ನು, ಅಜ್ಜನ ಬಟ್ಟೆಯ ಕೆಂಪು ಎಷ್ಟು ಒಗೆದರೂ ಹೋಗದಿದ್ದುದನ್ನು ಹೇಳಿ, ಅಲ್ಲಿಂದ ದೇಶದ ಬೇರೆ ಬೇರೆ ಗಣಿಗಳಿಗೆ ಹೋಗುತ್ತಿದ್ದಳು. ಸಮಾಜ ವಿಜ್ಞಾನದಲ್ಲಿ ಇವಳು ಒಳ್ಳೆಯ ಅಂಕ ತೆಗೆಯುತ್ತಾಳೆ ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ.

ಪರೀಕ್ಷಾ ಕೋಣೆಯ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ಕೋಣೆಗೆ ಕ್ಯಾಮೆರಾ ಬರುವುದಕ್ಕೆ ಮುಂಚಿನ ಮಾತು ಇದು. ಬಾಹ್ಯ ಅಭ್ಯರ್ಥಿಗಳಿರುವ ಕೋಣೆಯನ್ನು ನಾವು ದೊಡ್ಡವರ ಕೋಣೆ ಎನ್ನುತ್ತಿದ್ದೆವು. ಅಲ್ಲಿ ಮೇಲ್ವಿಚಾರಣೆಗೆ ಹೋದವರು ಸ್ವಲ್ಪ ಮೆತ್ತಗಾಗುತ್ತಿದ್ದರು. ಪಾಪ, ಮಕ್ಕಳೊಂದಿಗರು, ಪಾಸಾಗಲಿ ಬಿಡಿ ಎಂದು ಕಿಟಕಿಯ ಕಡೆ ತಿರುಗಿ ನಿಲ್ಲುವರು. ಇನ್ನೂ ಮೆತ್ತಗಿನವರು ಬಗ್ಗಿ ಉತ್ತರವನ್ನೇ ಹೇಳುವರು. ಇದನ್ನು ಯಾರೂ ನಕಲು ಎಂದು ಕರೆಯುತ್ತಿರಲಿಲ್ಲ. ಪುಣ್ಯದ ಕೆಲಸ ಎಂದೇ ಎಲ್ಲರ ಲೆಕ್ಕ.

ಸಮಾಜ ವಿಜ್ಞಾನದ ದಿನ ಶಮೀಮ್‌ಗೆ ಬೇರೆ ಕೋಣೆ ಕೊಟ್ಟಿದ್ದರು. ಅವಳು, ಒಂಬತ್ತನೆಯ ತರಗತಿಯ ಸ್ಕ್ರೈಬ್ ಹುಡುಗಿ, ಮೇಲ್ವಿಚಾರಕರಾಗಿ ಪರಮೇಶ್ವರಪ್ಪನವರು, ಮೂರೇ ಜನ. ಪರಮೇಶ್ವರಪ್ಪನವರು ನಮ್ಮ ಮೂರೂ ಊರುಗಳಿಗೆ ಪರಿಚಿತರಾದ ಕನ್ನಡ ಮೇಷ್ಟ್ರು. ಮುತ್ತಿನಂಥ ಅಕ್ಷರ. ಮಕ್ಕಳ ಅಕ್ಷರ ಕೆಟ್ಟರೆ ಪುಟ ಹರಿದು ಮತ್ತೆ ಬರೆಸುವ ಶಿಸ್ತಿನವರು. ಆ ವಿಷಯ ಕಲಿಸುವವಳಾದ್ದರಿಂದ ನಾನು ಪರೀಕ್ಷಾ ಕೇಂದ್ರದೊಳಗೆ ಕಾಲಿಡುವಂತಿರಲಿಲ್ಲ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ.

ಗಂಟೆ ಹೊಡೆದ ಮೇಲೆ ಶಮೀಮ್ ಹೊರಗೆ ಬಂದಳು. ಹೇಗಾಯ್ತೇ ಎಂದು ನಾನು ನಗುತ್ತಾ ಎದುರು ಹೋದೆ. ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಲೇ, ಉತ್ತರಪತ್ರಿಕೆಯ ಅಷ್ಟೂ ಪುಟಕ್ಕೆ ಗೀಟು ಎಳೆದು ಬಂದೆ ಎಂದಳು. ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದೆ ಬಂದ ಆಟೋದವನು ಹಾರ್ನ್ ಹೊಡೆದು ಬೈದು ಹೋದ.

ನಡೆದದ್ದು ಇಷ್ಟು. ಅದಿರಿನ ಪ್ರಶ್ನೆಗೆ ಶಮೀಮ್ ತನ್ನ ಮಾತಿನಲ್ಲಿ ಉತ್ತರ ಹೇಳಲು ಶುರು ಮಾಡಿದ್ದಳು. ಪರಮೇಶ್ವರಪ್ಪನವರಿಗೆ ಅಯ್ಯೋ ಎನಿಸಿತು. ಅಜ್ಜ, ಕೆಂಪು ಬಟ್ಟೆ ಎಲ್ಲ ಬರೆದರೆ ಯಾರು ಅಂಕ ಕೊಡುತ್ತಾರೆ ಎಂದು, ಸ್ಕ್ರೈಬ್ ಹುಡುಗಿಯ ಪಕ್ಕದಲ್ಲಿ ನಿಂತು ಪುಸ್ತಕದಲ್ಲಿದ್ದ ಹಾಗೆ ಬರೆಸತೊಡಗಿದರು. ಶಮೀಮ್ ಬೇಡ ಸಾರ್ ಎಂದಳು. ಸುಮ್ನಿರಮ್ಮಾ, ನಿನ್ನ ಒಳ್ಳೇದಕ್ಕೇ ಎಂದರು. ಮುಂದಿನ ಪ್ರಶ್ನೆಗೂ ಅವರೇ ಬರೆಸಿದರು, ಅದರ ಮುಂದಿನದಕ್ಕೂ ಅವರೇ. ಅವಳು ಬಾಯಿ ತೆಗೆಯುವಷ್ಟರಲ್ಲಿ ಉತ್ತರ ಮುಗಿದಿರುತ್ತಿತ್ತು. ಕೊನೆಗೆ ಶಮೀಮ್ ಹುಡುಗಿಯ ಕೈಯಿಂದ ಪತ್ರಿಕೆ ತೆಗೆದುಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಡ್ಡ ಗೀಟು ಎಳೆದು ಮಡಚಿಟ್ಟಳು. ಗಂಟೆ ಹೊಡೆಯುವವರೆಗೆ ಕೈ ಕಟ್ಟಿ ಕೂತಿದ್ದಳಂತೆ. ಸ್ಕ್ರೈಬ್ ಹುಡುಗಿ ಅಳುತ್ತಿದ್ದಳಂತೆ. ಪರಮೇಶ್ವರಪ್ಪನವರು ಬಾಗಿಲ ಕಡೆಗೇ ನೋಡುತ್ತಿದ್ದರಂತೆ. ಶಮೀಮ್ ಒಂದು ಮಾತು ಮೇಲಿನವರಿಗೆ ಹೇಳಿದ್ದರೂ ಅವರ ನೌಕರಿಗೆ ಕುತ್ತು ಬರುತ್ತಿತ್ತು. ಅವಳು ಹೇಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡುತ್ತಿದ್ದಾರೆ ಎಂಬ ಪರಿವೆಯೂ ಇಲ್ಲದೆ ನಾನು ಅವಳನ್ನು ಬಾಯಿಗೆ ಬಂದಂತೆ ಬೈದೆ. ತಲೆ ಕೆಟ್ಟಿದೆಯಾ, ಒಂದು ವರ್ಷದ ಶ್ರಮ ಮಣ್ಣುಪಾಲಾಯಿತು, ಇನ್ನು ಆ ಕೆಲಸ ಯಾರಿಗೋ ಹೋಗುತ್ತದೆ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಒಂದ್ನೇ ಕ್ಲಾಸಿಂದ ಎಲ್ಲಾರೂ ನನ್ನ ಪಾಸ್ ಮಾಡ್ಸುದ್ರು ಮೇಡಂ, ಯಾರೂ ಕಲಿಸ್ಲಿಲ್ಲ. ಈಗ ಕಲ್ತಿದ್ದೆ. ಅದ್ನ ಹೇಳೋಕೂ ಬಿಡ್ಲಿಲ್ಲ."

ಎಷ್ಟೋ ವರ್ಷ ಪಾಠ ಹೇಳಿದ್ದೆ, ಎಷ್ಟೋ ಜನ ಫೇಲಾಗಿ ಅತ್ತಿದ್ದನ್ನು ನೋಡಿದ್ದೆ. ಪಾಸು ಮಾಡಿಸಿದ್ದಕ್ಕೆ ನೊಂದುಕೊಳ್ಳುವವರನ್ನು ಅಂದೇ ಮೊದಲು ನೋಡಿದ್ದು. ಅವಳ ಬಸ್ಸು ಹೋದ ಮೇಲೂ ಬಹಳ ಹೊತ್ತು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ.

ಫಲಿತಾಂಶ ಬಂದಾಗ ಉಳಿದ ವಿಷಯಗಳಲ್ಲಿ ಹೇಗೋ ಪಾಸಾಗಿದ್ದಳು. ಸಮಾಜ ವಿಜ್ಞಾನದಲ್ಲಿ ಮಾತ್ರ ಫೇಲು. ಅವಳ ಅಣ್ಣ, ಇವಳಿಗೆ ಇದು ಆಗದ ಕೆಲಸ ಎಂದು ಮೊದಲೇ ಹೇಳಿದ್ದೆ ಎಂದು ನಕ್ಕನಂತೆ. ಅಂಗನವಾಡಿಯ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಬಂದವಳು ಶಮೀಮ್‌ಗಿಂತ ಬಹಳ ಚಿಕ್ಕವಳು. ಅವಳಿಗೂ ಶಮೀಮೇ ಬೆಳಿಗ್ಗೆ ಬಾಗಿಲು ತೆಗೆದು, ಕುರ್ಚಿ ಒರೆಸಿ ಇಡಬೇಕಾಯಿತು. ಹೋಗಿ ಪರಮೇಶ್ವರಪ್ಪನವರ ಜೊತೆ ಜಗಳ ಆಡಿ ಬರುತ್ತೇನೆ ಎಂದರೆ, ಬೇಡ ಮೇಡಂ, ಒಳ್ಳೆ ಮನಸ್ಸಿನವರೇ ಪಾಪ ಎಂದು ಅವಳೇ ನನ್ನನ್ನು ತಡೆದಳು.

ಪೂರಕ ಪರೀಕ್ಷೆಗೆ ಮತ್ತೆ ಕಟ್ಟಿದಳು. ಅಷ್ಟರಲ್ಲಿ ನಾನು ನಿವೃತ್ತಳಾಗಿ ಕಡೂರಿನ ಮನೆ ಸೇರಿದ್ದೆ. ಈ ಸಲ ಪರೀಕ್ಷೆಗೆ ಮೊದಲೇ ಅವಳು ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರ ಬಳಿ ಹೋಗಿ, ತನಗೆ ಯಾರೂ ಸಹಾಯ ಮಾಡಬಾರದು ಎಂದು ಕೇಳಿಕೊಂಡಳಂತೆ. ಸಹಾಯ ಬೇಕು ಎಂದು ಬರುವವರನ್ನಷ್ಟೇ ನೋಡಿದ್ದ ಆ ಮಹಾಶಯರು ಕಕ್ಕಾಬಿಕ್ಕಿಯಾಗಿ ನನಗೇ ಫೋನು ಮಾಡಿ, ಈ ಹೆಂಗಸು ಸರಿಯಾಗಿದ್ದಾರಾ ಎಂದು ವಿಚಾರಿಸಿದರು. ನಿಮಗಿಂತ ಸರಿಯಾಗಿದ್ದಾಳೆ ಎಂದೆ. ನಿವೃತ್ತಿಯ ದೊಡ್ಡ ಲಾಭವೆಂದರೆ ಇಂಥ ಮಾತು ಆಡಬಹುದು.

ಪಾಸಾದಳು. ಅಂಚಿನಲ್ಲಿ. ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡಿದ್ದ ಅಂಕದ ಅರ್ಧವೂ ಬಂದಿರಲಿಲ್ಲ. ನನಗೆ ಅಳು ಬಂತು, ಅವಳು ಮಿಠಾಯಿ ಹಂಚಿದಳು. ಅಷ್ಟು ಹೊತ್ತಿಗೆ ಕಾರ್ಯಕರ್ತೆಯ ಕೆಲಸಕ್ಕೆ ಪಿಯುಸಿ ಆಗಿರಬೇಕು ಎಂದು ನಿಯಮ ಬಂದಿತ್ತು. ಅದನ್ನು ಅವಳಿಗೆ ಹೇಗೆ ತಿಳಿಸುವುದು ಎಂದು ನಾನು ಒದ್ದಾಡುತ್ತಿದ್ದರೆ, ಅವಳು ಆಗಲೇ ಪಿಯುಸಿಯ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ರೈಲು ಹತ್ತಿ ಕಡೂರಿಗೆ ಬಂದಳು. ಭಾನುವಾರಗಳು ನಮ್ಮ ಮನೆಯಲ್ಲೇ ಶುರುವಾದವು.

ಅಂಥ ಒಂದು ಭಾನುವಾರ ಪರಮೇಶ್ವರಪ್ಪನವರು ಬಾಗಿಲಲ್ಲಿ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಈಗ ಏನು ಸಮಾಧಾನ ಹೇಳಲು ಬಂದಿರಿ ಎಂದು ಕೇಳಿಯೇಬಿಟ್ಟೆ. ಅವರು ನನ್ನ ಮುಖ ನೋಡದೆ, ನಿಮ್ಮನ್ನಲ್ಲ ಮೇಡಂ, ಅವರನ್ನ ನೋಡ್ಬೇಕಿತ್ತು ಎಂದು ಶಮೀಮ್ ಕಡೆ ಕೈ ತೋರಿಸಿದರು. ಅವಳು ಎದ್ದು ನಿಂತಳು. ಅವರು ಕೂರಲಿಲ್ಲ, ನಿಂತೇ ಹೇಳಿದರು.

ಅವರಿಗೆ ಒಬ್ಬಳೇ ಮಗಳು, ಒಂಬತ್ತನೆಯ ತರಗತಿ. ಅಕ್ಷರ ಹತ್ತುವುದಿಲ್ಲ. ಚಿಕ್ಕ ತರಗತಿಯಿಂದಲೂ ಅವಳ ಮನೆಗೆಲಸ, ನೋಟ್ಸು, ಪ್ರಾಜೆಕ್ಟು ಎಲ್ಲವನ್ನೂ ಇವರೇ ಅವಳ ಅಕ್ಷರದಂತೆ ಸೊಟ್ಟ ಮಾಡಿ ಬರೆಯುತ್ತಾ ಬಂದಿದ್ದರು. ಮುತ್ತಿನಂಥ ಅಕ್ಷರದ ಆ ಮನುಷ್ಯ ರಾತ್ರಿ ಹೆಂಡತಿ ಮಲಗಿದ ಮೇಲೆ ಬೇಕೆಂದೇ ಸೊಟ್ಟಗೆ ಬರೆಯುತ್ತಿದ್ದರು. ಮೇಷ್ಟ್ರ ಮಗಳು ಓದಲಾರಳು ಎಂದು ಊರಿಗೆ ಗೊತ್ತಾದರೆ ಎಂಬ ಭಯ. ಅವರ ಮೇಲೆ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಆ ದಿನ ಪರೀಕ್ಷಾ ಕೋಣೆಯಲ್ಲಿ ಇವರ ಕಣ್ಣಿಗೆ ಕಂಡದ್ದು ಶಮೀಮ್ ಅಲ್ಲವೇ ಅಲ್ಲ, ಮಗಳು.

ನೀವು ಗೀಟು ಎಳೆದದ್ದನ್ನು ಮರೆಯೋಕೆ ಆಗ್ತಿಲ್ಲ, ಮುಂದಿನ ವರ್ಷ ಅವಳದು ಪಬ್ಲಿಕ್ ಪರೀಕ್ಷೆ, ನಾನು ಏನು ಮಾಡಲಿ ಹೇಳಿ ಎಂದು ಅವರು ಕೇಳಿದರು. ಶಮೀಮ್ ಕೈಲಿದ್ದ ಪುಸ್ತಕ ಮುಚ್ಚಿಟ್ಟಳು. ನೀವು ಬರೆಯುವುದು ಅವಳಿಗೆ ಗೊತ್ತೇ ಎಂದು ವಿಚಾರಿಸಿದಳು. ಗೊತ್ತು, ದಿನವೂ ಅವಳೇ ಪುಸ್ತಕ ತಂದು ಮುಂದಿಟ್ಟು ಹೋಗುತ್ತಾಳೆ, ಮುಖ ಎತ್ತಿ ನೋಡುವುದಿಲ್ಲ ಎಂದರು.

"ಇವತ್ತು ಬರೀಬೇಡಿ ಸಾರ್. ಪಕ್ಕದಲ್ಲಿ ಕೂತು ಓದಿ ಹೇಳಿ. ಅವ್ಳು ಏನಂತಾಳೆ, ಕೇಳಿಸ್ಕಳಿ."

"ನಾಳೆ ನೋಟ್ಸ್ ಖಾಲಿ ಇರುತ್ತಲ್ಲಮ್ಮಾ. ಮಾರ್ಕ್ಸ್ ಹೋಗುತ್ತೆ."

"ಹೋಗ್ಲಿ ಬಿಡಿ ಸಾರ್. ಅವು ನಿಮ್ಮ ಮಾರ್ಕ್ಸು."

ಪರಮೇಶ್ವರಪ್ಪನವರು ಹಿಡಿಯಬೇಕಾಗಿದ್ದ ಬಸ್ಸಿಗೆ ಹೊತ್ತಾಗಿತ್ತು, ಆದರೂ ಹೊರಡಲಿಲ್ಲ. ಓದಿ ಹೇಳುವುದು ಎಂದರೆ ಹೇಗೆ, ಸ್ವಲ್ಪ ತೋರಿಸುತ್ತೀರಾ ಎಂದು ಸಣ್ಣ ದನಿಯಲ್ಲಿ ಕೇಳಿದರು. ಶಮೀಮ್ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ಕೆಳಗಿಟ್ಟಳು. ಅವರು ಬಂದು ಕೂತರು.